ಮಕ್ಕಳಿಗೆ ಎಷ್ಟು ಕ್ಲಾಸ್ ಸಾಕು? ಖಾಲಿ ಸಂಜೆಗಳಿಂದ ಲೆಕ್ಕ ಶುರು ಮಾಡಿ

ನನ್ನ ಮಗಳಿಗೆ ಎಂಟು ವರ್ಷವಿದ್ದಾಗ ವಾರಕ್ಕೆ ಐದು ಕ್ಲಾಸ್ ಇತ್ತು. ಡ್ಯಾನ್ಸ್, ಕೀಬೋರ್ಡ್, ಈಜು, ಚೆಸ್, ಡ್ರಾಯಿಂಗ್. ಒಂದೊಂದನ್ನೂ ಯೋಚನೆ ಮಾಡಿಯೇ ಸೇರಿಸಿದ್ದೆವು. ಐದೂ ಸೇರಿದರೆ ಏನಾಗುತ್ತದೆ ಅಂತ ಮಾತ್ರ ಯೋಚಿಸಿರಲಿಲ್ಲ. ಒಂದು ದಿನ ಚೆಸ್ ಟೀಚರ್‌ಗೆ ಹುಷಾರಿಲ್ಲ ಅಂತ ಕ್ಲಾಸ್ ರದ್ದಾಯಿತು. "ಹಾಗಾದ್ರೆ ಈಗ ನಾನೇನು ಮಾಡ್ಬೇಕು?" ಎಂದು ಕೇಳಿದಳು. "ಏನು ಬೇಕಾದ್ರೂ ಮಾಡು" ಎಂದೆ. ಸೋಫಾದ ಮೇಲೆ ಹತ್ತು ನಿಮಿಷ ಸುಮ್ನೆ ಕೂತಳು. ಆಮೇಲೆ ಕೂತಲ್ಲೇ ನಿದ್ದೆ ಹೋದಳು. ಆಗ ಸಂಜೆ ಐದೂವರೆ.

ಅವತ್ತಿನವರೆಗೂ ನಾವು ಕೇಳಿಕೊಳ್ಳುತ್ತಿದ್ದ ಪ್ರಶ್ನೆ "ಇನ್ನೊಂದು ಕ್ಲಾಸ್ ಸೇರಿಸಬಹುದಾ?" ಅನ್ನುವುದು. ಈ ಪ್ರಶ್ನೆಗೆ ಯಾವಾಗಲೂ "ಹೂಂ" ಎಂಬ ಉತ್ತರವೇ ಬರುತ್ತದೆ. ಒಂದು ಗಂಟೆ ಎಲ್ಲಾದರೂ ಸಿಕ್ಕೇ ಸಿಗುತ್ತದಲ್ಲ! ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡಬೇಕು. ಮಗುವಿಗೆ ಎಷ್ಟು ಸಂಜೆ ಖಾಲಿ ಇರಬೇಕು ಅಂತ ಮೊದಲು ತೀರ್ಮಾನಿಸಿ. ಕ್ಲಾಸುಗಳ ಸಂಖ್ಯೆ ಆಮೇಲೆ ತಾನಾಗಿ ಬರುತ್ತದೆ. ಅದನ್ನು ಮಾಡುವ ಬಗೆ ಹೀಗಿದೆ.

ಹಂತ 1: ಈಗಿನ ವಾರವನ್ನು ಕಾಗದಕ್ಕೆ ಇಳಿಸಿ

ಒಂದು ದೊಡ್ಡ ಹಾಳೆ ತೆಗೆದುಕೊಂಡು ಏಳು ಕಾಲಂ ಎಳೆಯಿರಿ. ಒಂದು ವಾರ ಪೂರ್ತಿ, ಮಗು ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡಿತು ಅಂತ ಬರೆಯಿರಿ. ಒಂದೇ ಷರತ್ತು: ಆಗಬೇಕಾಗಿದ್ದನ್ನು ಬರೆಯಬೇಡಿ, ಆದದ್ದನ್ನು ಬರೆಯಿರಿ. "ಮಲಗುವ ಸಮಯ 9" ಅಂತ ನಾವು ಹೇಳಿಕೊಳ್ಳುತ್ತೇವೆ. ಆದರೆ ಕಣ್ಣು ಮುಚ್ಚಿದ್ದು 9:50ಕ್ಕೆ ಆಗಿದ್ದರೆ 9:50 ಅಂತಲೇ ಇರಲಿ. ನಿಮ್ಮ ಸಮಾಧಾನಕ್ಕೆ ಬರೆದ ಹಾಳೆಯಿಂದ ಏನೂ ಉಪಯೋಗವಿಲ್ಲ.

ಆರು ವರ್ಷ ದಾಟಿದ ಮಗುವಾದರೆ ಬಣ್ಣ ಹಚ್ಚುವ ಕೆಲಸ ಅದಕ್ಕೇ ಕೊಡಿ. ಶಾಲೆಗೆ ಒಂದು ಬಣ್ಣ, ಕ್ಲಾಸಿಗೆ ಒಂದು, ಆಟಕ್ಕೆ ಒಂದು, ಓಡಾಟಕ್ಕೆ ಒಂದು. ನಮ್ಮ ಹಾಳೆಯಲ್ಲಿ ಓಡಾಟದ ಬಣ್ಣ ಆಟದ ಬಣ್ಣಕ್ಕಿಂತ ಜಾಸ್ತಿ ಇತ್ತು.

ಹಂತ 2: ಮೊದಲು ನಿದ್ದೆಗೆ ಜಾಗ ಕೊಡಿ

ವಾರದಲ್ಲಿ ಇರುವುದು 168 ಗಂಟೆ. ಅದರಲ್ಲಿ ಮೊದಲ ಪಾಲು ನಿದ್ದೆಯದ್ದು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಸಲಹೆ ಪ್ರಕಾರ ದಿನಕ್ಕೆ 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಏಳಲು ಆಗುವುದಿಲ್ಲ. ಹಾಗಾಗಿ ಹದಿನಾಲ್ಕರ ಹುಡುಗನಿಗೆ ಬೆಳಗಿನ ಐದು ಗಂಟೆಯ ಕೋಚಿಂಗ್ ಹಾಕುವ ಮೊದಲು ಎರಡು ಸಲ ಯೋಚಿಸಿ. ಅವನದ್ದು ಬರೀ ಸೋಮಾರಿತನ ಅಲ್ಲ.

ಒಂಬತ್ತು ವರ್ಷದ ಒಂದು ಮಗುವಿನ ಲೆಕ್ಕ ನೋಡೋಣ. ನಿದ್ದೆ ದಿನಕ್ಕೆ 10 ಗಂಟೆ, ವಾರಕ್ಕೆ 70. ಶಾಲೆ, ಅಲ್ಲಿಗೆ ಹೋಗಿ ಬರುವುದು ಸೇರಿ ದಿನಕ್ಕೆ 8 ಗಂಟೆ, ಐದು ದಿನಕ್ಕೆ 40. ಊಟ, ತಿಂಡಿ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು ದಿನಕ್ಕೆ ಎರಡೂವರೆ ಗಂಟೆ, ಒಟ್ಟು 17.5. ಹೋಂವರ್ಕ್ ಐದು ದಿನಕ್ಕೆ 5 ಗಂಟೆ. ಎಲ್ಲ ಸೇರಿ 132.5. ಉಳಿದದ್ದು 35.5 ಗಂಟೆ.

"ಅಬ್ಬಾ, ಅಷ್ಟೊಂದಾ!" ಅನ್ನಿಸಿತಲ್ಲ? ಬಹಳಷ್ಟು ಪೋಷಕರು ಮೋಸ ಹೋಗುವುದೇ ಇಲ್ಲಿ. ಆ 35.5ರಲ್ಲಿ 23 ಗಂಟೆ ವಾರಾಂತ್ಯದ ಎರಡೇ ದಿನಗಳಲ್ಲಿ ಕೂತಿದೆ. ಶಾಲೆ ಇರುವ ದಿನ ಸಿಗುವುದು ಬರೀ ಎರಡೂವರೆ ಗಂಟೆ. ನಿಮ್ಮ ಮಗುವಿಗೆ ಶಾಲೆ ಆರು ದಿನ ಇದ್ದರೆ ಇನ್ನೂ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆ ಅಂದರೆ ಈ ಎರಡೂವರೆ ಗಂಟೆ.

ಹಂತ 3: ಒಂದು ಕ್ಲಾಸಿನ ನಿಜವಾದ ಅಳತೆ ತಿಳಿಯಿರಿ

ಒಂದು ಗಂಟೆಯ ಕ್ಲಾಸ್ ಒಂದು ಗಂಟೆಗೆ ಮುಗಿಯುವುದಿಲ್ಲ. ಬ್ಯಾಗ್ ಹುಡುಕಿ, ಬಟ್ಟೆ ಬದಲಿಸಿ, ನೀರಿನ ಬಾಟಲಿ ತುಂಬಿಸಿ ಹೊರಡಲು 20 ನಿಮಿಷ. ಹೋಗಿ ಬರಲು 20 ಪ್ಲಸ್ 20. ಅಲ್ಲಿಗೆ ಎರಡು ಗಂಟೆ ಆಯಿತು. ಆ ಸಂಜೆಯಲ್ಲಿ ಇನ್ನು ಉಳಿದದ್ದು ಅರ್ಧ ಗಂಟೆ. ಅಂದರೆ ಒಂದು ಕ್ಲಾಸ್ ಅಂದರೆ ಒಂದು ಸಂಜೆ ಅಂತಲೇ ಲೆಕ್ಕ. "ವಾರಕ್ಕೆ ಮೂರು ಗಂಟೆ ತಾನೆ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಲ್ಲ, ವಾರಕ್ಕೆ ಮೂರು ಸಂಜೆ.

ಎಲ್ಲ ಕ್ಲಾಸ್‌ಗಳ ತೂಕವೂ ಒಂದೇ ಅಲ್ಲ. ಡ್ರಾಯಿಂಗ್ ಕ್ಲಾಸ್ ಅಲ್ಲೇ ಮುಗಿಯುತ್ತದೆ. ಸಂಗೀತ ಹಾಗಲ್ಲ. ವಾರಕ್ಕೆ ಒಂದೇ ಕ್ಲಾಸ್ ಇದ್ದರೂ ಮನೆಯಲ್ಲಿ ದಿನಾ ಹದಿನೈದಿಪ್ಪತ್ತು ನಿಮಿಷ ಕೂರದಿದ್ದರೆ ಕಲಿತದ್ದು ನಿಲ್ಲುವುದಿಲ್ಲ. ಆ ಇಪ್ಪತ್ತು ನಿಮಿಷಕ್ಕೆ ಮಗುವನ್ನು ಕೂರಿಸಲು ನಿಮಗೆ ಬೇಕಾಗುವ ಹತ್ತು ನಿಮಿಷ ಬೇರೆ. ಆಟದ ತಂಡಕ್ಕೆ ಸೇರಿದರೆ ಮನೆಯಲ್ಲಿ ಪ್ರಾಕ್ಟೀಸ್ ಇರುವುದಿಲ್ಲ, ಆದರೆ ಮ್ಯಾಚ್ ಬಂದರೆ ರಜಾ ದಿನದ ಅರ್ಧ ಅಲ್ಲೇ ಹೋಗುತ್ತದೆ. ಡ್ಯಾನ್ಸ್‌ನಲ್ಲಿ ಕಾರ್ಯಕ್ರಮ ಹತ್ತಿರ ಬಂದಾಗ ವಾರಕ್ಕೆ ಎರಡಿದ್ದದ್ದು ಐದಾಗುತ್ತದೆ. ಚೆಸ್‌ನಲ್ಲಿ ಟೂರ್ನಮೆಂಟ್ ಅಂದರೆ ಕೆಲವೊಮ್ಮೆ ಎರಡು ದಿನ ಪೂರ್ತಿ.

ಇದನ್ನೆಲ್ಲ ಫೀಸ್ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಎಷ್ಟು ಅಭ್ಯಾಸ ಬೇಕು? ವರ್ಷಕ್ಕೆ ಎಷ್ಟು ಕಾರ್ಯಕ್ರಮ, ಸ್ಪರ್ಧೆ? ಅವು ಕಡ್ಡಾಯವಾ? ಬಟ್ಟೆ, ಸಾಮಾನು, ಪರೀಕ್ಷೆ ಫೀಸ್ ಬೇರೆ ಇದೆಯಾ? ಪರೀಕ್ಷೆ ಸಮಯದಲ್ಲಿ ಒಂದು ತಿಂಗಳು ಬಿಟ್ಟು ಮತ್ತೆ ಬರಬಹುದಾ? ಈ ಕೊನೆಯ ಪ್ರಶ್ನೆಗೆ ಟೀಚರ್ ಮುಖ ಸಿಂಡರಿಸಿದರೆ ಅಲ್ಲಿ ಮುಂದೆ ಹೇಗಿರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಹಂತ 4: ಪ್ರತಿ ಕ್ಲಾಸಿಗೂ "ಯಾಕೆ" ಅಂತ ಒಂದು ಸಾಲು ಬರೆಯಿರಿ

ಇದು ಕಷ್ಟದ ಹಂತ. ಯಾಕೆಂದರೆ ಇಲ್ಲಿ ನಮ್ಮ ಗುಟ್ಟುಗಳು ಹೊರಬರುತ್ತವೆ. ನಮ್ಮ ಮನೆಯ ಪಟ್ಟಿ ಹೀಗಿತ್ತು. ಡ್ಯಾನ್ಸ್: ಅವಳಿಗೆ ಪ್ರಾಣ. ಈಜು: ಜೀವ ಉಳಿಸುವ ವಿದ್ಯೆ, ಬರಲೇಬೇಕು. ಡ್ರಾಯಿಂಗ್: ಗೆಳತಿ ಹೋಗುತ್ತಾಳೆ. ಚೆಸ್: ಬುದ್ಧಿ ಚುರುಕಾಗುತ್ತದೆ ಅಂತ ಯಾರೋ ಹೇಳಿದರು. ಕೀಬೋರ್ಡ್: ಚಿಕ್ಕಂದಿನಲ್ಲಿ ನನಗೆ ಕಲಿಯುವ ಆಸೆ ಇತ್ತು. ಕೊನೆಯದನ್ನು ಬರೆಯುವಾಗ ಪೆನ್ ಸ್ವಲ್ಪ ತಡೆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಈಜಿನಂಥ ವಿದ್ಯೆಗೆ ಒಂದು ಅನುಕೂಲವಿದೆ. ಅದಕ್ಕೆ ಕೊನೆ ಇದೆ. ಆಳದ ನೀರಿನಲ್ಲಿ ತೇಲಿ, ದಡ ಸೇರುವಷ್ಟು ಬಂದ ಮೇಲೆ ನಿಲ್ಲಿಸಬಹುದು. ಹಾಗಾಗಿ ಅದನ್ನು "ಒಂದು ಚಟುವಟಿಕೆ" ಅಂತ ಎಣಿಸುವ ಬದಲು ಕೆಲವು ತಿಂಗಳ ಕೆಲಸ ಅಂತ ನೋಡಿ, ಉಳಿದವನ್ನು ಅಷ್ಟು ದಿನ ತಡೆಹಿಡಿಯುವುದು ಒಳ್ಳೆಯದು.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮನೆಗೆ ನಾವು ಬರುವವರೆಗೆ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಅದೇ ನಿಜವಾದ ಕಾರಣವಾದರೆ ದಿನಕ್ಕೊಂದು ಕ್ಲಾಸಿಗೆ ಓಡಿಸಬೇಡಿ. ಸುಮ್ನೆ ಆಡಲು ಜಾಗ, ನಾಲ್ಕು ಮಕ್ಕಳು, ಒಬ್ಬರು ನಂಬಿಕಸ್ಥ ದೊಡ್ಡವರು ಇರುವ ಒಂದೇ ಜಾಗ ಹುಡುಕಿ. ದಣಿದ ಮಗುವಿಗೆ ಬೇಕಾದದ್ದು ಅದು, ಅಬಾಕಸ್ ಅಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಹೇಳಿ ಮೂರು ವರ್ಷಕ್ಕೇ ಸೇರಿಸುವವರೂ ಇದ್ದಾರೆ. ಗಿಡ ಬಗ್ಗುತ್ತದೆ ನಿಜ. ಐದು ದಿಕ್ಕಿಗೆ ಒಟ್ಟಿಗೆ ಎಳೆದರೆ?

ಹಂತ 5: ಈಗ ಸಂಖ್ಯೆ ಹಾಕಿ

ನನ್ನ ಲೆಕ್ಕದ ಮೂಲ ಸೂತ್ರ: ಶಾಲೆ ಇರುವ ದಿನಗಳಲ್ಲಿ ಕನಿಷ್ಠ ಮೂರು ಸಂಜೆ ಪೂರ್ತಿ ಖಾಲಿ. ವಾರಾಂತ್ಯದಲ್ಲಿ ಒಂದು ದಿನ ಪೂರ್ತಿ ಖಾಲಿ. ಮಿಕ್ಕ ಜಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು. ಇದು ಯಾವ ತಜ್ಞರ ಆದೇಶವೂ ಅಲ್ಲ, ನನ್ನ ಅಂದಾಜು. ನಿಮ್ಮ ಮಗುವಿಗೆ ಎರಡು ಸಂಜೆ ಸಾಕಾಗಬಹುದು, ಇನ್ನೊಂದಕ್ಕೆ ನಾಲ್ಕು ಬೇಕಾಗಬಹುದು.

ಐದು ವರ್ಷದೊಳಗಿನ ಮಕ್ಕಳಿಗೆ ಕ್ಲಾಸೇ ಬೇಡ ಅಂದರೂ ನಡೆಯುತ್ತದೆ. ಹಾಕಿದರೂ ಅದು ಆಟದ ಹಾಗಿರಲಿ, ವಾರಕ್ಕೆ ಒಮ್ಮೆ ಇರಲಿ. ಆರರಿಂದ ಎಂಟರವರೆಗೆ ಒಂದು. ಶಾಲೆಗೆ ಹೊಂದಿಕೊಂಡು ಆರಾಮಾಗಿದ್ದರೆ ಹಗುರವಾದ ಇನ್ನೊಂದು. ಒಂಬತ್ತರಿಂದ ಹನ್ನೆರಡು ಅಂದರೆ ಹಲವನ್ನು ರುಚಿ ನೋಡುವ ವಯಸ್ಸು. ಒಂದು ಸಲಕ್ಕೆ ಎರಡು ಇರಲಿ, ಅದರಲ್ಲಿ ಒಂದು ಮೈ ಬೆವರುವಂಥದ್ದಾಗಿರಲಿ. ಮೂರನೆಯದು ಬೇಕೆಂದರೆ ಎರಡರಲ್ಲಿ ಒಂದು ಹೋಗಬೇಕು. ಹದಿಮೂರರ ನಂತರ ಸಂಖ್ಯೆಯನ್ನು ಮಗುವೇ ಹೇಳಬೇಕು. ಆ ವಯಸ್ಸಿನಲ್ಲಿ ಹೆಚ್ಚಿನವರು ಒಂದನ್ನು ಗಟ್ಟಿಯಾಗಿ ಹಿಡಿದು ಉಳಿದದ್ದನ್ನು ಬಿಡುತ್ತಾರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರಲ್ಲ, ಹಾಗೆ. ಅವರನ್ನು ತಡೆಯಬೇಡಿ.

ಮೈ ಬೆವರುವ ವಿಷಯ ಬಂತು. 5ರಿಂದ 17 ವರ್ಷದವರು ಸರಾಸರಿ ದಿನಕ್ಕೆ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದನ್ನು ಓದಿದ ಕೂಡಲೇ ಕ್ರೀಡಾ ಕ್ಲಾಸಿಗೆ ಸೇರಿಸಲು ಓಡಬೇಡಿ. ಒಂದು ದಿನ ಕ್ಲಾಸಿನ ಬದಿಯಲ್ಲಿ ನಿಂತು ನೋಡಿ. ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಬೀದಿಯಲ್ಲೋ ಅಂಗಳದಲ್ಲೋ ಮುಟ್ಟಾಟ ಆಡುವ ಮಗು ಅದಕ್ಕಿಂತ ಜಾಸ್ತಿ ಓಡಿರುತ್ತದೆ.

ಒಂದೇ ಆಟವನ್ನು ಗಂಭೀರವಾಗಿ ಹಿಡಿದವರಿಗೆ ಬೇರೆ ಲೆಕ್ಕವಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರ ವರದಿಯಲ್ಲಿ ಹೇಳಿದ್ದು: ಒಂದೇ ಆಟಕ್ಕೆ ಪೂರ್ತಿ ಇಳಿಯುವುದನ್ನು 15, 16 ವರ್ಷದವರೆಗೆ ಮುಂದೂಡಿದರೆ ಒಳ್ಳೆಯದು. ಆ ಆಟದಿಂದ ವಾರಕ್ಕೆ ಒಂದೆರಡು ದಿನ ಬಿಡುವು ಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ, ಪೂರ್ತಿ ಬಿಡುವು ಬೇಕು. 2015ರಲ್ಲಿ ಪ್ರಕಟವಾದ ಅಮೆರಿಕದ್ದೇ ಒಂದು ಅಧ್ಯಯನ ಸಾವಿರಕ್ಕೂ ಹೆಚ್ಚು ಎಳೆಯ ಆಟಗಾರರನ್ನು ಗಮನಿಸಿತ್ತು. ತಮ್ಮ ವಯಸ್ಸಿನ ವರ್ಷಗಳಿಗಿಂತ ಜಾಸ್ತಿ ಗಂಟೆ ವಾರಕ್ಕೆ ಆಡುತ್ತಿದ್ದವರಲ್ಲಿ ಅತಿ ಬಳಕೆಯಿಂದ ಬರುವ ಗಂಭೀರ ಗಾಯಗಳು ಹೆಚ್ಚು ಕಂಡವು. ಅಂದರೆ ಹತ್ತು ವರ್ಷದವರಿಗೆ ವಾರಕ್ಕೆ ಹತ್ತು ಗಂಟೆ ಮೇಲಿನ ಮಿತಿ. ನೆನಪಿಟ್ಟುಕೊಳ್ಳಲು ಸುಲಭ.

ಹಂತ 6: ಸೇರಿಸುವ ದಿನವೇ ಬಿಡುವ ನಿಯಮವನ್ನೂ ಮಾತಾಡಿ

ಮೊದಲ ಎಂಟು ವಾರ ಬರೀ ಪರೀಕ್ಷೆ ಅಂತ ಮಗುವಿಗೆ ಹೇಳಿ. ಎಂಟು ವಾರ ತಪ್ಪದೆ ಹೋಗಬೇಕು, ಆಮೇಲೆ ಕೂತು ಮಾತಾಡೋಣ. ಮಧ್ಯದಲ್ಲಿ ಒಂದು ಕೆಟ್ಟ ದಿನಕ್ಕೆ ಬಿಡುವ ಹಾಗಿಲ್ಲ. ಎಂಟು ವಾರ ಆದ ಮೇಲೆ "ಬೇಡ" ಅಂದರೆ ನಾವೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಎರಡೂ ಕಡೆಗೆ ನಿಯಮ ಇದ್ದರೆ ದಿನಾ ಜಗಳ ಇರುವುದಿಲ್ಲ.

ಆ ಎಂಟು ವಾರ ಏನನ್ನೂ ಕೊಳ್ಳಬೇಡಿ. ವಾದ್ಯವನ್ನು ಬಾಡಿಗೆಗೆ ತನ್ನಿ, ರಾಕೆಟ್ ಯಾರದ್ದಾದರೂ ಕಡ ಕೇಳಿ. ವರ್ಷದ ಫೀಸ್ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರೂ ತಿಂಗಳ ಫೀಸನ್ನೇ ಕಟ್ಟಿ. ನಮ್ಮ ಮನೆಯ ಕೀಬೋರ್ಡ್ ಮೊದಲ ವಾರವೇ ಬಂದಿತ್ತು. "ಅಷ್ಟು ದುಡ್ಡು ಕೊಟ್ಟಿದ್ದೀವಿ" ಅನ್ನುವ ಒಂದೇ ಕಾರಣಕ್ಕೆ ಮಗಳು ಇನ್ನೂ ಒಂದು ವರ್ಷ ಆ ಕ್ಲಾಸಿಗೆ ಹೋದಳು. ಹೋದ ದುಡ್ಡಿನ ಹಿಂದೆ ಸಂಜೆಗಳೂ ಹೋದವು.

ಹಂತ 7: ಮಾತಿಗಿಂತ ಮೈಯನ್ನು ಗಮನಿಸಿ

ಚಿಕ್ಕ ಮಕ್ಕಳು "ನನಗೆ ಜಾಸ್ತಿ ಆಗಿದೆ" ಅಂತ ಹೇಳುವುದಿಲ್ಲ. ಅವರಿಗೆ ಆ ಲೆಕ್ಕ ಗೊತ್ತಿಲ್ಲ. ಕ್ಲಾಸ್ ಇರುವ ದಿನವೇ ಹೊಟ್ಟೆನೋವು ಬರುತ್ತದೆ. ದಾರಿಯಲ್ಲೇ ತೂಕಡಿಸುತ್ತಾರೆ. ಸಣ್ಣ ವಿಷಯಕ್ಕೆ ಅಳು, ತಮ್ಮನ ಮೇಲೆ ಸಿಟ್ಟು. ಮುಂಚೆ ಆಡುತ್ತಿದ್ದ ಆಟದ ಸಾಮಾನು ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ. ದೊಡ್ಡ ಮಕ್ಕಳಲ್ಲಿ ರಾತ್ರಿ ಹೋಂವರ್ಕ್ ಹನ್ನೊಂದರವರೆಗೆ ಎಳೆಯುತ್ತದೆ, ಗೆಳೆಯರ ಮನೆಗೆ ಹೋಗುವುದು ನಿಲ್ಲುತ್ತದೆ. ಒಂದೇ ಜಾಗದಲ್ಲಿ ನೋವು ವಾರಗಟ್ಟಲೆ ಉಳಿದರೆ ಅದು "ಪ್ರಾಕ್ಟೀಸ್ ನೋವು" ಅಂತ ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.

ಒಂದು ಎಚ್ಚರಿಕೆ. ಹೋಗುವಾಗಿನ ಮುಖ ನೋಡಿ ತೀರ್ಮಾನ ಮಾಡಬೇಡಿ. ಆಡುತ್ತಿರುವುದನ್ನು ಬಿಟ್ಟು ಹೊರಡಲು ಯಾವ ಮಗುವಿಗೂ ಇಷ್ಟವಿಲ್ಲ. ಬರುವಾಗಿನ ಮುಖ ನೋಡಿ. ಅಳುತ್ತಾ ಹೋಗಿ ಕುಣಿಯುತ್ತಾ ಬಂದರೆ ಚಿಂತೆಯಿಲ್ಲ. ನಗುತ್ತಾ ಹೋಗಿ ಮಾತೇ ಇಲ್ಲದೆ ಬಂದರೆ ಸ್ವಲ್ಪ ಹತ್ತಿರ ಕೂತು ಕೇಳಬೇಕು.

ನಿಮ್ಮನ್ನೂ ಗಮನಿಸಿಕೊಳ್ಳಿ. ಇಬ್ಬರು ಮಕ್ಕಳು, ತಲಾ ಮೂರು ಕ್ಲಾಸ್ ಅಂದರೆ ಮನೆಯಲ್ಲಿ ಒಬ್ಬರು ಸಂಜೆಯೆಲ್ಲ ಡ್ರೈವರ್ ಆಗಿರುತ್ತಾರೆ. ಅಕ್ಕನ ಕ್ಲಾಸ್ ಮುಗಿಯುವವರೆಗೆ ತಮ್ಮ ಹೊರಗೆ ಬೆಂಚಿನ ಮೇಲೆ ಕಾಯುತ್ತಾನೆ. ಅವನ ಹಾಳೆಯಲ್ಲಿ ಆ ಗಂಟೆಗೂ ಬಣ್ಣ ಹಚ್ಚಬೇಕು.

ಹಂತ 8: "ನಾನು ಬಿಡ್ತೀನಿ" ಅಂದಾಗ

ಕೂಡಲೇ "ಸರಿ" ಅನ್ನಬೇಡಿ, ಕೂಡಲೇ "ಆಗಲ್ಲ" ಅಂತಲೂ ಅನ್ನಬೇಡಿ. ಮೊದಲು ಯಾವ ಬಗೆಯ "ಬಿಡ್ತೀನಿ" ಅಂತ ನೋಡಿ. ನಮ್ಮ ಮನೆಯಲ್ಲಿ ನಡೆದ ಮಾತು:

"ಅಮ್ಮ, ನಾನು ಡ್ಯಾನ್ಸ್ ಬಿಡ್ತೀನಿ."

"ಹೌದಾ ಪುಟ್ಟಿ? ಇವತ್ತೇನಾಯ್ತು?"

"ಏನಿಲ್ಲ. ಬಿಡ್ತೀನಿ ಅಷ್ಟೆ."

"ಕ್ಲಾಸಲ್ಲಿ ಯಾವುದು ಜಾಸ್ತಿ ಬೇಜಾರು? ಕುಣಿಯೋದಾ, ಜೊತೆಯವ್ರಾ, ಮಿಸ್ಸಾ?"

"ನನ್ನ ಹಿಂದಿನ ಸಾಲಲ್ಲಿ ನಿಲ್ಲಿಸಿದ್ರು."

ಅವಳಿಗೆ ಡ್ಯಾನ್ಸ್ ಬೇಡವಾಗಿರಲಿಲ್ಲ, ಹಿಂದಿನ ಸಾಲು ಬೇಡವಾಗಿತ್ತು. ಹೀಗೆ ಅವಮಾನಕ್ಕೆ, ಒಂದು ಹೊಸ ಪಾಠ ಕಷ್ಟವಾಗಿದ್ದಕ್ಕೆ, ಗೆಳತಿ ಬಿಟ್ಟು ಹೋಗಿದ್ದಕ್ಕೆ ಬಂದ "ಬಿಡ್ತೀನಿ"ಗೆ ಕೆಲವು ವಾರ ಕೊಡಿ. ಬಹಳಷ್ಟು ಸಲ ತಾನಾಗಿ ಹೋಗುತ್ತದೆ. ತಿಂಗಳುಗಟ್ಟಲೆ ಒಂದೇ ಮಾತು ಬಂದರೆ, ಮನೆಯಲ್ಲಿ ತಾನಾಗಿ ಒಂದು ದಿನವೂ ಅದನ್ನು ಮುಟ್ಟದಿದ್ದರೆ, ಒಪ್ಪಿಕೊಂಡ ಅವಧಿಯನ್ನೋ ಕಾರ್ಯಕ್ರಮವನ್ನೋ ಮುಗಿಸಿ ನಿಲ್ಲಿಸಿ. ಟೀಚರ್‌ಗೆ ಮಗುವಿನ ಎದುರಲ್ಲೇ ಥ್ಯಾಂಕ್ಸ್ ಹೇಳಿ ಬನ್ನಿ, ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ.

ಭಯ ಬೇರೆ. ಹೊಡೆಯುತ್ತಾರೆ, ಬೈಯುತ್ತಾರೆ, ಮುಟ್ಟುವುದು ಇಷ್ಟವಾಗುವುದಿಲ್ಲ ಅಂತ ಮಗು ಹೇಳಿದರೆ ಎಂಟು ವಾರದ ನಿಯಮವೂ ಇಲ್ಲ, ಅವಧಿಯೂ ಇಲ್ಲ. ಅವತ್ತೇ ನಿಲ್ಲಿಸಿ, ಆಮೇಲೆ ವಿಚಾರಿಸಿ.

ಹಂತ 9: ಈಗಾಗಲೇ ಜಾಸ್ತಿ ಆಗಿದ್ದರೆ ಇಳಿಸುವುದು ಹೇಗೆ

ಎಲ್ಲವನ್ನೂ ಒಂದೇ ದಿನ ಕಿತ್ತುಹಾಕಬೇಡಿ. ಮಗು ಅದನ್ನು ಶಿಕ್ಷೆ ಅಂದುಕೊಳ್ಳುತ್ತದೆ. "ನಿನ್ನ ಹತ್ತಿರ ಎರಡೇ ಚೀಟಿ ಇದೆ, ಯಾವುದಕ್ಕೆ ಹಾಕ್ತೀಯಾ?" ಅಂತ ಕೇಳಿ. "ಯಾವುದು ಬಿಡ್ತೀಯಾ?" ಅಂತ ಕೇಳಿದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಅಪ್ಪ ಅಮ್ಮನಿಗೆ ಬೇಜಾರಾಗುತ್ತದೆ ಅಂತ ಅದಕ್ಕೂ ಗೊತ್ತು. ನನ್ನ ಮಗಳು ಒಂದು ಚೀಟಿಯನ್ನು ಡ್ಯಾನ್ಸ್‌ಗೆ ಹಾಕಿದಳು. ಇನ್ನೊಂದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು "ಇದು ಹಾಗೇ ಇರ್ಲಾ?" ಎಂದಳು. ಆಮೇಲೆ ನಾವೇ ಈಜು ಮುಗಿಯುವವರೆಗೆ ಅದನ್ನು ಸಾಲ ಕೇಳಿದೆವು.

ಉಳಿದ ಕ್ಲಾಸ್‌ಗಳನ್ನು ತಿಂಗಳ ಕೊನೆ ನೋಡಿಕೊಂಡು ಒಂದೊಂದಾಗಿ ನಿಲ್ಲಿಸಿ. ನಿಲ್ಲಿಸಿದ ಮೊದಲ ಒಂದೆರಡು ವಾರ ಖಾಲಿ ಸಂಜೆ ಚೆನ್ನಾಗಿರುವುದಿಲ್ಲ. "ಬೋರ್ ಆಗ್ತಿದೆ" ಅಂತ ಹತ್ತು ಸಲ ಹೇಳುತ್ತಾರೆ. ಆ ಹೊತ್ತಿಗೆ ಫೋನೋ ಟೀವಿಯೋ ಕೈಗೆ ಸಿಕ್ಕಿದರೆ ಕ್ಲಾಸ್ ಬಿಡಿಸಿದ್ದೇ ದಂಡ. ಅವನ್ನು ದೂರ ಇಟ್ಟು, ಕತ್ತರಿ, ಗೋಂದು, ಹಳೆ ರಟ್ಟಿನ ಡಬ್ಬಿ, ಚೆಂಡು ಕಣ್ಣಿಗೆ ಬೀಳುವ ಹಾಗೆ ಇಡಿ. ನೀವು ಆಟ ಹೇಳಿಕೊಡಲು ಹೋಗಬೇಡಿ. ಅರ್ಧ ಗಂಟೆ ಗೊಣಗಿದ ಮೇಲೆ ಏನಾದರೂ ಶುರುವಾಗುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಇವನ್ನು ಮಗುವಿನ ಹಕ್ಕು ಅಂತಲೇ ಬರೆದಿದೆ. ಮನೆಯ ಹಿರಿಯರು "ಸುಮ್ನೆ ಕೂತಿದೆಯಲ್ಲ ಮಗು" ಅಂದಾಗ ನಾನು ಇದನ್ನು ಹೇಳಿ ಬಾಯಿ ಮುಚ್ಚಿಸಿದ್ದೂ ಇದೆ.

ಕೊನೆಯದಾಗಿ ಕ್ಯಾಲೆಂಡರ್. ಖಾಲಿ ಸಂಜೆಯ ಚೌಕವನ್ನು ಖಾಲಿ ಬಿಡಬೇಡಿ, ಅದು ತುಂಬಿಹೋಗುತ್ತದೆ. ಅಲ್ಲಿ ದಪ್ಪ ಅಕ್ಷರದಲ್ಲಿ "ಆಟ" ಅಂತ ಬರೆಯಿರಿ. ಕ್ಲಾಸಿನವರು ಫೋನ್ ಮಾಡಿ "ಬುಧವಾರ ಸಂಜೆ ಒಂದು ಎಕ್ಸ್‌ಟ್ರಾ ಬ್ಯಾಚ್ ಇದೆ, ಫ್ರೀ ಇದ್ದಾಳಾ?" ಅಂತ ಕೇಳಿದರೆ ಕ್ಯಾಲೆಂಡರ್ ನೋಡಿ, "ಇಲ್ಲ ಮೇಡಂ, ಬುಧವಾರ ಅವಳಿಗೆ ಬೇರೆ ಕಾರ್ಯಕ್ರಮ ಇದೆ" ಅನ್ನಿ.